ಸೂಜಿ ಬಿದ್ದರೆ ಸಿಗಬೇಕು

ಮೊದಲ ದಿನವೇ ಮಿಸ್ರಿಯಾ ಹೇಳಿದ್ದು ಒಂದೇ ಮಾತು:
"ಸೂಜಿ ಬಿದ್ದರೆ ಸಿಗಬೇಕು.
ಮರದ ವಿಷಯ ನನಗೇನೂ ಗೊತ್ತಿಲ್ಲ."

ಬಂದ್ಯೋಡು ಪೇಟೆಯ ಹಿಂದೆ
ಮುರಕಲ್ಲಿನ ಗೋಡೆಗೆ ಇನ್ನೂ ಸಾರಣೆಯಾಗದ ಮನೆ.
ಮೇಲೆ ಆರು ಹೊಲಿಗೆ ಮೆಷಿನು ಬರಬೇಕು,
ಆರು ಹೆಂಗಸರ ಹನ್ನೆರಡು ಕಾಲು,
ಪೆಡಲಿನ ಗಡಗಡ, ಬಟ್ಟೆಯ ಚೂರು, ಗುಂಡುಸೂಜಿ.
ಈಗ ಇರುವುದು ಕಿರಾಲುಬೋಗಿಯ ಒಂಬತ್ತು ಜಂತಿ,
ಜಂತಿಗಳ ನಡುವೆ, ಕೆಳಗೆ, ಅಡುಗೆಮನೆ,
ಮೀನು ತೊಳೆಯುವ ಅವಳ ಉಮ್ಮನ ಬಿಳಿ ತಲೆವಸ್ತ್ರ.

ನನ್ನ ಸೋದರಮಾವ ಪುರಂದರ ಆಚಾರಿಗೆ ಮಂಡಿ ಮಡಚುವುದಿಲ್ಲ.
ಏಣಿಯ ತುದಿಯಲ್ಲಿ ಕುಳಿತು ಹೇಳುತ್ತಾರೆ,
ಮಂಡಿಯೂರುವುದು ನಾನು.
ಹಲಗೆ ಇಳಿಸಲು ಬಂದವನು ನನ್ನನ್ನೇ ನೋಡುತ್ತಾ
"ಆಚಾರಿ ಎಲ್ಲಿ?" ಎಂದು ಕೇಳಿದಾಗ
ಬಾಯಲ್ಲಿ ನಾಲ್ಕು ಮೊಳೆ ಇದ್ದದ್ದು ಒಳ್ಳೆಯದಾಯಿತು.

ಹೊಸಂಗಡಿಯ ಮಿಲ್ಲಿನ ಹಲಸು,
ಅರಿಶಿನದ ಕೊಂಬು ಮುರಿದ ಬಣ್ಣ.
ಒಂದು ಅಂಚಿಗೆ ನಾಲಿಗೆ, ಇನ್ನೊಂದಕ್ಕೆ ತೋಡು.
ನಾನು ನಾಲಿಗೆ ಅನ್ನುತ್ತೇನೆ,
ಮಾವ ನಾಲಾಯಿ ಅನ್ನುತ್ತಾರೆ,
ಚೆರ್ವತ್ತೂರಿನ ರತೀಶ ನಾಕ್ಕ್ ಅನ್ನುತ್ತಾನೆ.
ತೋಡು ಮಾತ್ರ ಮೂವರಿಗೂ ತೋಡೇ,
ಗದ್ದೆಯ ಬದಿಯಲ್ಲಿ ಹರಿಯುವುದೂ
ಹಲಗೆಯ ಬದಿಯಲ್ಲಿ ಹರಿಯದ್ದೂ.

ಮೊದಲ ಹಲಗೆ ನೂಲು ಹಿಡಿದು.
"ಗೋಡೆಯನ್ನು ನಂಬಬೇಡ."
ಆಮೇಲೆ ನಾಲಿಗೆಗೆ ತೋಡು, ತುಂಡುಮರ ಇಟ್ಟು ಕೊಡತಿಯ ಪೆಟ್ಟು;
ನೇರ ಹೊಡೆದರೆ ಅಂಚು ಸೀಳುತ್ತದೆ.
ಮೊಳೆ ನಾಲಿಗೆಯ ಬುಡಕ್ಕೆ, ಓರೆಯಾಗಿ,
ತಲೆ ಮುಳುಗುವವರೆಗೆ.
ಮುಂದಿನ ಹಲಗೆ ಬಂದು ಮುಚ್ಚುತ್ತದೆ.
ಎಷ್ಟನೆಯ ಜಂತಿಯ ಮೇಲೆ ಮೊಳೆ ಬಾಗಿತ್ತೆಂದು
ಹೊಡೆದವಳಿಗೆ ಮಾತ್ರ ನೆನಪಿರುತ್ತದೆ.

ಹತ್ತು. ಇಪ್ಪತ್ತು.
ಅಡುಗೆಮನೆ ಗೆರೆಗೆರೆಯಾಗಿ ಮಾಯವಾಯಿತು.
ಮೊದಲು ಒಲೆ, ಆಮೇಲೆ ಕಡೆಯುವ ಕಲ್ಲು,
ಆಮೇಲೆ ಆ ಬಿಳಿ ತಲೆವಸ್ತ್ರ.
ಬಂಗುಡೆಯ ವಾಸನೆ ಮಾತ್ರ ಏಣಿ ಹತ್ತಿ ಬಂತು.

ಮೂವತ್ತೊಂಬತ್ತರ ನಂತರ ಗೋಡೆ.
ಈ ಮೂಲೆಯಲ್ಲಿ ಆರು ಬೆರಳು, ಆ ಮೂಲೆಯಲ್ಲಿ ನಾಲ್ಕೂವರೆ.
ಮೇಸ್ತ್ರಿಯ ಹೆಸರು ಹಿಡಿದು ಮಾವ ತುಳುವಿನಲ್ಲಿ ಏನೋ ಅಂದರು,
ಬರೆಯುವಂಥದ್ದಲ್ಲ.
ಸ್ವಲ್ಪ ಹೊತ್ತು ಬಿಟ್ಟು,
"ಇದರ ನಾಲಿಗೆ ಕೊಯ್ಯಿ."

ಗೀರೆಳೆದು ಗರಗಸ ಹಿಡಿದೆ.
ಹಳದಿ ಹುಡಿ ಮಣಿಕಟ್ಟಿಗೆ, ಹುಬ್ಬಿಗೆ.
ಹನ್ನೊಂದಡಿ ಉದ್ದಕ್ಕೆ ಕಳಚಿ ಬಂತು,
ಒಂದು ತುದಿ ಬೆರಳಗಲ, ಇನ್ನೊಂದು ಹಿಡಿಸೂಡಿಯ ಕಡ್ಡಿ,
ಕೈಯಲ್ಲಿ ಕೇರೆಹಾವಿನಂತೆ ತೂಗುತ್ತಿತ್ತು.
ಎಲ್ಲಿಡುವುದು ಎಂದು ನಾನು ಯೋಚಿಸುವಷ್ಟರಲ್ಲಿ
ರತೀಶ ಅದನ್ನು ಗೇಣುಗೇಣಾಗಿ ಕಡಿದು ಬೆಣೆ ಮಾಡಿದ್ದ.
ಗೋಡೆಗೂ ಹಲಗೆಗೂ ನಡುವೆ ಹೊಡೆದೆವು.
ಕೊಯ್ದ ನಾಲಿಗೆಯೇ ದೂಡಿ ದೂಡಿ
ಹಲಗೆಯನ್ನು ಅದರ ಜಾಗಕ್ಕೆ ಸೇರಿಸಿತು.

ಆ ಒಂದಕ್ಕೆ ಮಾತ್ರ ಮೊಳೆ ಮುಖದ ಮೇಲೆ,
ಹದಿನೆಂಟು ತಲೆ, ಬಂದವರಿಗೆಲ್ಲ ಕಾಣುವ ಹಾಗೆ.
ಬೆಣೆ ಕಿತ್ತು ಸಂದಿ ತುಂಬಲು ಹೊರಟರೆ ಮಾವ ತಡೆದರು:
"ಪಟ್ಟಿಯನ್ನು ಗೋಡೆಗೆ ಹೊಡೆ. ಸಂದಿ ಇರಲಿ.
ಮರ ಸತ್ತರೂ ಮಳೆಯನ್ನು ಮರೆಯುವುದಿಲ್ಲ."
ಪಟ್ಟಿ ನಾಳೆಗೆ ಉಳಿಯಿತು.

ಸಂಜೆ ಮಿಸ್ರಿಯಾ ಚಪ್ಪಲಿ ಕೆಳಗೆ ಬಿಟ್ಟು ಬಂದಳು.
ಡಬ್ಬಿಯಿಂದ ಹನ್ನೆರಡು ಗುಂಡುಸೂಜಿ ಎಣಿಸಿ
ಕಣ್ಣು ಮುಚ್ಚಿ ಎಸೆದಳು.
ಅವಳೂ ನಾನೂ ರತೀಶನೂ
ಚೆಲ್ಲಿದ ಅಕ್ಕಿ ಹೆಕ್ಕುವವರ ಹಾಗೆ ತೆವಳಿದೆವು.
ಅಂಗೈ ಜಾರಿತು, ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

ಹನ್ನೊಂದು ಸಿಕ್ಕಿತು.

ಅವಳು ನನ್ನನ್ನು ನೋಡಿದಳು.
ನಾನು ಗೋಡೆಬದಿಯ ಸಂದಿಯನ್ನು ನೋಡಿದೆ.
ಏಣಿಯ ತುದಿಯಿಂದ ಮಾವ:
"ಅದು ಆಟಿಯ ಮಳೆಗೆ ಕೊಟ್ಟ ಮುಂಗಡ.
ಬೇಕಾದರೆ ನನ್ನ ಕೂಲಿಯಲ್ಲಿ ಹಿಡಿದುಕೊಳ್ಳಿ."